ಲಾಮುವಿನಲ್ಲಿ ಏಳದ ಚಿಮಣಿ

ಕೀನ್ಯಾಕ್ಕೆ ಹೋಗಿಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಮಸಾಯಿ ಮಾರಾದ ಸಿಂಹದ ಬಗ್ಗೆ. ನೋಡಿದೆವು. ಸಿಂಹಕ್ಕಿಂತ ಅದರ ಸುತ್ತ ನಿಂತ ಜೀಪುಗಳೇ ಜಾಸ್ತಿ. ನನಗೆ ಹೇಳಬೇಕಿರುವುದು ಲಾಮು ದ್ವೀಪದ ಕಥೆ.

ಅದಕ್ಕೂ ಮೊದಲು ಒಂದು ಮಾತು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಬಂದಿಳಿದ ಕೂಡಲೇ ತಪಾಸಣೆಯವರು ನನ್ನ ಸಾಮಾನಿನಿಂದ ಕವರುಗಳನ್ನೆಲ್ಲ ತೆಗೆಸಿದರು. ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ ಕವರಿನ ಸಮೇತ ಹೋಯಿತು. ಕಾನೂನು ಒಳ್ಳೆಯದೇ, ಆದರೆ ಪುಡಿ ಏನು ಮಾಡಿತ್ತು? ಹೋಗುವವರು ಸ್ಟೀಲ್ ಡಬ್ಬಿಯಲ್ಲೇ ಒಯ್ಯಿರಿ.

ವಿಮಾನ ಇಳಿಯುವುದು ಎದುರಿನ ಮಾಂಡಾ ದ್ವೀಪದಲ್ಲಿ. ಅಲ್ಲಿಂದ ದೋಣಿ. ಲಾಮುವಿನ ಹಳೆ ಪೇಟೆ 2001ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹವಳದ ಕಲ್ಲಿನ ಮನೆಗಳು, ಕೆತ್ತನೆಯ ಬಾಗಿಲುಗಳು. ಗಲ್ಲಿಗಳಲ್ಲಿ ಕಾರು ನುಗ್ಗುವುದಿಲ್ಲ, ಕತ್ತೆಗಳೇ ಸಾಮಾನು ಹೊರುತ್ತವೆ. ತೆಂಗಿನಹಾಲಿನ ಮೀನು ಸಾರಿಗೆ ನಮ್ಮ ಕರಾವಳಿಯ ನಾಲಿಗೆಗೆ ಹುಳಿ ಸಾಲದು, ಆದರೂ ಮತ್ತೆ ಹಾಕಿಸಿಕೊಂಡೆ. ಶೆಲಾ ಕಡೆಯ ದುಬಾರಿ ವಿಲ್ಲಾಗಳು ಮಾತ್ರ ಹಿಡಿಸಲಿಲ್ಲ. ಅಲ್ಲಿ ಊರೇ ಕಾಣುವುದಿಲ್ಲ.

ಕಾಂಡ್ಲಾ ಕಾಡು ನೋಡಲು ಹಾಯಿದೋಣಿ ಹತ್ತಿದೆವು. ದೋಣಿಯವರಿಗೆ ಅರವತ್ತರ ಮೇಲಾಗಿರಬೇಕು. ಕಸೂತಿಯ ಬಿಳಿ ಟೋಪಿ. ಚುಕ್ಕಾಣಿಯನ್ನು ಕಾಲಿನಿಂದ ಅದುಮಿ ಹಿಡಿದು, ಕೈಯಲ್ಲಿ ಗಾಳದ ದಾರ ಬಿಡಿಸುತ್ತಿದ್ದರು. ಸುಮ್ನೆ ಮಾತಿಗೆ ಅಂತ "ಈಚೆ ಮೀನು ಹೇಗೆ?" ಎಂದೆ. ಅವರು ಉತ್ತರದ ಕಡೆ ಗಲ್ಲ ತೋರಿಸಿದರು.

"ಅಲ್ಲಿ ಕ್ವಾಸಾಸಿ. ಕಲ್ಲಿದ್ದಲಿನ ಕರೆಂಟ್ ಕಂಪನಿ ಬರಬೇಕಿತ್ತು. ಬಂದಿದ್ದರೆ ಬಿಸಿನೀರು ಸಮುದ್ರಕ್ಕೆ. ಆಮೇಲೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ."

1,050 ಮೆಗಾವ್ಯಾಟಿನ ಸ್ಥಾವರ ಅದು. ಮೊದಲಿಗೆ ಕಲ್ಲಿದ್ದಲೂ ಹೊರಗಿನಿಂದ, ಹಡಗಿನಲ್ಲಿ ಬರಬೇಕು. ಭೂಮಿಯ ಶಾಖ, ನೀರು, ಗಾಳಿಯಿಂದಲೇ ಬಹುಪಾಲು ವಿದ್ಯುತ್ ತೆಗೆಯುವ ದೇಶಕ್ಕೆ ಇದೆಂಥ ಹುಚ್ಚು! 2016ರಲ್ಲಿ ಪರವಾನಗಿಯೂ ಸಿಕ್ಕಿತು. ಆಗ ‘ಸೇವ್ ಲಾಮು’ ಎಂಬ ಕೂಟದಲ್ಲಿ ಸೇರಿದ ಊರವರು ಮೆರವಣಿಗೆ ಮಾಡಿದರು, ಪರಿಸರ ನ್ಯಾಯಮಂಡಳಿಯ ಬಾಗಿಲು ತಟ್ಟಿದರು. 2019ರ ಜೂನ್ 26ರಂದು ಪರವಾನಗಿ ರದ್ದಾಯಿತು. ಜನರನ್ನು ಸರಿಯಾಗಿ ಕೇಳಿಲ್ಲ, ಹವಾಮಾನ ಬದಲಾವಣೆಯ ಕಾನೂನನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ಮುಖ್ಯ ಕಾರಣಗಳು.

"ಬೇಡ ಅಂತ ಆಮೇಲೆ ಹೇಳಿದೆವು. ಮೊದಲು ಹೇಳಿದ್ದು, ನಮ್ಮನ್ನು ಕೇಳಿಲ್ಲ ಅಂತ," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಕರಾವಳಿಯಲ್ಲಿ ಇಂಥದ್ದು ಇದೆಯಾ?"

ಉಡುಪಿ ಹತ್ತಿರದ ಎಲ್ಲೂರಿನ ಸ್ಥಾವರದ ವಿಷಯ ಹೇಳಿದೆ. ಅಲ್ಲೂ ಹಡಗಿನಲ್ಲಿ ಬರುವ ಕಲ್ಲಿದ್ದಲು, ಅಲ್ಲೂ ರೈತರ ಹೋರಾಟ. ಸ್ಥಾವರ ಮಾತ್ರ ಎದ್ದು ನಿಂತಿತು.

"ಕೇಳಿದ್ದರಾ ನಿಮ್ಮನ್ನು?"

ಕೇಳುವ ಶಾಸ್ತ್ರ ನಮ್ಮಲ್ಲೂ ಇದೆ ಎಂದೆ. ಅವರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ.

ಹಾಯಿ ಹಿಡಿದಿದ್ದ ಅವರ ತಂಗಿಯ ಮಗ ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ. "ಮಾಮ ಕೆಲಸದ ಮಾತು ಹೇಳುವುದೇ ಇಲ್ಲ," ಎಂದ. "ನನ್ನ ಗೆಳೆಯರಲ್ಲಿ ಅರ್ಧ ಜನಕ್ಕೆ ಆ ಕಂಪನಿ ಬೇಕಿತ್ತು. ಮೀನಿನಲ್ಲಿ ಎಷ್ಟು ಮನೆ ನಡೆಯುತ್ತೆ?" ಮಾಮ ಅವನ ಭಾಷೆಯಲ್ಲೇ ಏನೋ ಬೈದರು. ಅವನೂ ಬಿಡಲಿಲ್ಲ. ಇಬ್ಬರ ಜಗಳದಲ್ಲಿ ದೋಣಿ ಕಾಂಡ್ಲಾ ಬೇರಿಗೆ ಸಿಕ್ಕಿಹಾಕಿಕೊಂಡಿತು, ಹುಡುಗ ನೀರಿಗಿಳಿದು ತಳ್ಳಬೇಕಾಯಿತು. ಅವನ ಮಾತನ್ನು ತಳ್ಳಿಹಾಕುವುದು ನನ್ನಿಂದಾಗಲಿಲ್ಲ. ನಾನು ವಿಮಾನದಲ್ಲಿ ಬಂದವನು ಬೇರೆ.

ಆದರೆ ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ತಾಂಜಾನಿಯಾದ ತಾಂಗಾ. ಉಗಾಂಡಾದ ಹೊಯಿಮಾದಿಂದ ಅಲ್ಲಿಗೆ 1,443 ಕಿಲೋಮೀಟರ್ ಉದ್ದದ ಕಚ್ಚಾತೈಲದ ಕೊಳವೆ. ಆ ಎಣ್ಣೆ ಮೇಣದಂತೆ ಗಟ್ಟಿ, ಹರಿಯಬೇಕಾದರೆ ಕೊಳವೆಯನ್ನು ಉದ್ದಕ್ಕೂ ಬಿಸಿ ಮಾಡಬೇಕು. ಅದನ್ನು ವಿರೋಧಿಸಿದ ವಿದ್ಯಾರ್ಥಿಗಳನ್ನು ಕಂಪಾಲಾದ ಪೊಲೀಸರು ಮತ್ತೆ ಮತ್ತೆ ಹಿಡಿದು ಒಳಗೆ ಹಾಕಿದ್ದಾರೆ. ಲಾಮು ಹೋರಾಟದಲ್ಲಿದ್ದ ವಕೀಲ ಒಮರ್ ಎಲ್ಮಾವಿ ಆಮೇಲೆ ಆ ಚಳವಳಿಯ ಮುಂದಾಳೂ ಆಗಿದ್ದರು.

"ತಾಂಗಾದಲ್ಲಿ ವೆಲ್ಡಿಂಗ್ ಕೆಲಸ ಕೊಟ್ಟರೆ ಹೋಗುತ್ತೀಯಾ?" ಎಂದು ಹುಡುಗನನ್ನು ಕೇಳಿದೆ.

"ನಾಳೆಯೇ," ಎಂದ. ಮಾಮ ಈ ಸಲ ಬೈಯಲಿಲ್ಲ. ಬಾಡಿಗೆ ಮಾತ್ರ ಹೇಳಿದ್ದಕ್ಕಿಂತ ಇನ್ನೂರು ಶಿಲ್ಲಿಂಗ್ ಜಾಸ್ತಿ ಕೇಳಿದರು, ಹುಡುಗ ನೀರಿಗಿಳಿದದ್ದಕ್ಕಂತೆ.