ಒಂದೇ ಹಾರ್ಡ್‌ಡಿಸ್ಕು, ಮೂರು ಥರದ ಕಂಪ್ಯೂಟ್ರು

ಹೋದ ತಿಂಗ್ಳು ಬೇಲೂರಲ್ಲಿ ಚಿಕ್ಕಪ್ಪನ ಮಗಳ ಮದ್ವೆ ಆಯ್ತು, ವಿಡಿಯೋ ಒಂದೇ ಫೈಲು 11 ಜಿಬಿ. ಪೆನ್‌ಡ್ರೈವಲ್ಲಿ ಜಾಗ ಬೇಕಾದಷ್ಟಿತ್ತು, ಆದ್ರೂ ಕಾಪಿ ಆಗ್ಲಿಲ್ಲ. ನೋಡಿದ್ರೆ ಅದು ಫ್ಯಾಟ್32 (ಡಿಸ್ಕಲ್ಲಿ ಫೈಲು ಜೋಡ್ಸಿಡೋ ಒಂದು ಪದ್ಧತಿ), ಅದ್ರಲ್ಲಿ ಒಂದು ಫೈಲು 4 ಜಿಬಿ ಮುಟ್ಟಂಗಿಲ್ಲ.

ಸರಿ ಅಂತ ಮನೇಲಿದ್ದ ಹಾರ್ಡ್‌ಡಿಸ್ಕ್‌ಗೆ ಹಾಕ್ದೆ, ಅದು ಎನ್‌ಟಿಎಫ್‌ಎಸ್, ಅಂದ್ರೆ ವಿಂಡೋಸಿನ ಪದ್ಧತಿ. ಹಾಸನದಲ್ಲಿ ನಂದು ಲಿನಕ್ಸು, ಅಪ್ಪನ ಅಂಗಡೀಲಿ ವಿಂಡೋಸು, ಚಿಕ್ಕಮಗಳೂರಲ್ಲಿರೋ ಅಕ್ಕನ ಹತ್ರ ಮ್ಯಾಕು. ಅಕ್ಕ ಫೋನ್ ಮಾಡಿ "ಲೋ, ವಿಡಿಯೋ ಏನೋ ಓಡತ್ತೆ ಕಣೋ, ನನ್ ಫೋಟೋ ಅದಕ್ಕೆ ಹಾಕಕ್ಕೆ ಹೋದ್ರೆ ಬಿಡ್ತಾನೇ ಇಲ್ಲ" ಅಂದ್ಲು. ಮ್ಯಾಕು ಎನ್‌ಟಿಎಫ್‌ಎಸ್ ಓದತ್ತೆ, ಬೇರೆ ಸಾಫ್ಟ್‌ವೇರ್ ಹಾಕ್ದೆ ಬರೆಯಲ್ಲ. ನಂಗಿಷ್ಟದ, ಲಿನಕ್ಸಿನ ಪದ್ಧತಿ ಇಎಕ್ಸ್‌ಟಿ4 ಮಾಡಣ ಅಂದ್ರೆ ವಿಂಡೋಸು ಅದನ್ನ ಗುರ್ತೇ ಹಿಡಿಯದೆ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳತ್ತೆ, ಅಪ್ಪ ಏನಾದ್ರೂ ಹೂಂ ಅಂತ ಒತ್ತಿದ್ರೆ ಮದ್ವೆ ಮನೆನೇ ಖಾಲಿ!

ಕೊನೆಗೆ ಎಕ್ಸ್‌ಫ್ಯಾಟ್ ಮಾಡ್ದೆ. ಮೈಕ್ರೋಸಾಫ್ಟು 2006ರಲ್ಲಿ ತಂದಿದ್ದು, 2019ರಲ್ಲಿ ಅದ್ರ ಒಳಗುಟ್ಟೆಲ್ಲ ಬಹಿರಂಗ ಮಾಡಿದ್ಮೇಲೆ ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) 5.4ರಲ್ಲಿ ಸೇರ್ಕೊಂತು, 5.7ರಲ್ಲಿ ಇನ್ನೂ ಒಳ್ಳೆ ಡ್ರೈವರ್ ಬಂತು. ಈಗ ಮೂರೂ ಕಡೆ ಓದದು ಬರೆಯದು ಎರಡೂ ಆಗತ್ತೆ.

ಆದ್ರೆ ಇದಕ್ಕೆ ಜರ್ನಲ್ ಇಲ್ಲ, ಅಂದ್ರೆ ಬರೀತಿರೋವಾಗ ಅರ್ಧದಲ್ಲಿ ಕೇಬಲ್ ಕಿತ್ರೆ ಸರಿ ಮಾಡ್ಕೊಳಕ್ಕೆ ಲೆಕ್ಕದ ಪುಸ್ತಕನೇ ಇರಲ್ಲ, ಮಳೆಗಾಲದಲ್ಲಿ ನಮ್ ಕಡೆ ಕರೆಂಟಿನ ಕಥೆ ಬೇರೆ ಹೇಳ್ಬೇಕಾ. ಎಜೆಕ್ಟ್ ಮಾಡೇ ತೆಗೀರಿ ಅಂತ ಅಪ್ಪಂಗೆ ಚೀಟಿ ಅಂಟ್ಸಿದೀನಿ. ಯಾವ ಫೈಲನ್ನ ಯಾರು ಓದ್ಬೋದು, ಬರೀಬೋದು ಅನ್ನೋ ಲಿನಕ್ಸಿನ ಪರ್ಮಿಷನ್ನೂ ಇದ್ರಲ್ಲಿ ಉಳಿಯಲ್ಲ, ಅದಕ್ಕೆ ನನ್ ಬ್ಯಾಕಪ್ ಮಾತ್ರ ಬೇರೆ ಡಿಸ್ಕಲ್ಲಿ, ಇಎಕ್ಸ್‌ಟಿ4ರಲ್ಲೇ.