ರೊಟ್ಟಿ ಹಂಚಿನ ಮೇಲೆ ಬರ್ಗರ್

ಅಕ್ಕನ ಮಗ ಚಿಕಾಗೋದಲ್ಲಿ ಎರಡು ವರ್ಷ ಓದಿ, ಈ ಮೇ ತಿಂಗಳಲ್ಲಿ ಬಳ್ಳಾರಿಗೆ ಬಂದಿದ್ದ. ಬಿಸಿಲು 40 ಡಿಗ್ರಿ ದಾಟಿತ್ತು. ಮೂರು ದಿನ ಅವ್ವನ ಕೈಯ ರೊಟ್ಟಿ, ಪುಂಡಿ ಪಲ್ಯ ಆಸೆಯಿಂದ ಉಂಡ. ನಾಲ್ಕನೇ ದಿನ, "ಮಾಮಾ, ಬರ್ಗರ್ ಮಾಡೋಣೇನು?" ಅಂದ. ಅಲ್ಲಿ ದನದ ಮಾಂಸದ ಕೀಮಾ ತಂದು ತಾನೇ ಮಾಡಿಕೊಳ್ಳುತ್ತಿದ್ದನಂತೆ. ಪ್ಯಾಕೆಟ್ ಮೇಲೆ 80–20 ಅಂತ ಬರೆದಿರುತ್ತದೆ, ಅಂದರೆ 80 ಪಾಲು ಮಾಂಸ, 20 ಪಾಲು ಕೊಬ್ಬು. ನಮ್ಮ ಮನೆಯಲ್ಲಿ ಮಾಡೋದು ಕುರಿ ಮಾಂಸ. ಲೆಕ್ಕ ಮಾತ್ರ ಅದನ್ನೇ ಇಟ್ಟುಕೊಂಡೆವು.

ಭಾನುವಾರ ಬೆಳಿಗ್ಗೆ ಕೌಲ್ ಬಜಾರಿಗೆ ಹೋದೆವು. ಬಳ್ಳಾರಿ ಹೆಸರಿನದೇ ಒಂದು ಕುರಿ ತಳಿ ಇದೆ, ಒರಟು ಉಣ್ಣೆಯದು. ಇಲ್ಲಿ ಒಳ್ಳೆ ಮಾಂಸಕ್ಕೆ ಬರ ಇಲ್ಲ. ಕೀಮಾ ಕೇಳುವಾಗ "ನೆಣ ತೆಗೀರಿ" ಅನ್ನೋದು ನನ್ನ ರೂಢಿ. ಅವತ್ತು ಭುಜದ ಮಾಂಸ 800 ಗ್ರಾಂ, ನೆಣ 200 ಗ್ರಾಂ ಕೇಳಿದೆ. ಅಂಗಡಿಯವರು "ನೆಣ ಬೇಕಾ ಅಣ್ಣಾ?" ಅಂತ ಎರಡು ಸಲ ಕೇಳಿದರು. ನುಣ್ಣಗೆ ಮಾಡೋದು ಬೇಡ, ಮಷಿನ್‌ಗೆ ಒಂದೇ ಸಲ ಹಾಕಿ ಅಂದೆ.

ಮೊದಲು 300 ಗ್ರಾಂ ತೆಗೆದುಕೊಂಡು ನನಗೆ ಗೊತ್ತಿರುವ ಕೀಮಾ ಉಂಡೆಯ ಹಾಗೇ ಮಾಡಿದೆ. ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಚೆನ್ನಾಗಿ ನಾದಿದೆ. ಬೇಯಿಸಿ ಕಚ್ಚಿದರೆ ರಬ್ಬರ್! ಉಪ್ಪು ಹಾಕಿ ನಾದಿದಷ್ಟೂ ಮಾಂಸದ ಪ್ರೋಟೀನ್ ಹೊರಬಂದು ಅಂಟಾಗುತ್ತದೆ. ಕಂಬಿಗೆ ಹಚ್ಚುವ ಕಬಾಬಿಗೆ ಅದೇ ಬೇಕು, ಬರ್ಗರ್‌ಗೆ ಬೇಡ. ಅಳಿಯ ಹೇಳಿದ ಈ ಮಾತು ನನಗೆ ಹೊಸದು. ಮಾಂಸವನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು.

ಉಳಿದ ಕೀಮಾ ಆ ಸೆಖೆಗೆ ಆಗಲೇ ಜಿಡ್ಡು ಬಿಡುತ್ತಿತ್ತು. ತಟ್ಟೆ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟೆ. ಆಮೇಲೆ ಐದು ಪಾಲು ಮಾಡಿ, ಒತ್ತದೆ, ಸುಮ್ನೆ ಕೂಡಿಸಿದ ಹಾಗೆ ಬಿಲ್ಲೆ ಮಾಡಿದೆ. ಬೇಯುವಾಗ ಕುಗ್ಗುತ್ತದೆ ಅಂತ ಬನ್‌ಗಿಂತ ಸ್ವಲ್ಪ ಅಗಲ. ನಡುವೆ ಹೆಬ್ಬೆರಳಿನಿಂದ ಒಂದು ಗುಳಿ, ಇಲ್ಲದಿದ್ದರೆ ಚೆಂಡಿನ ಹಾಗೆ ಉಬ್ಬುತ್ತದೆ.

ಅವ್ವನ ರೊಟ್ಟಿ ಹಂಚನ್ನೇ ಒಲೆ ಮೇಲಿಟ್ಟೆ. ದಪ್ಪ ಕಬ್ಬಿಣದ್ದು, ಕಾಯಲು ತಡ, ಆದರೆ ಕಾದರೆ ಬಿಸಿ ಬಿಡೋದಿಲ್ಲ. ನೀರು ಚಿಮುಕಿಸಿದರೆ ಹನಿ ಕುಣಿಯಬೇಕು. ಬಿಲ್ಲೆಗಳ ಮೇಲೆ ಒದ್ದೆ ಇರದ ಹಾಗೆ ಒರೆಸಿದೆ. ನೀರಿನಂಶ ಇದ್ದರೆ ಮಾಂಸದ ಮೇಲ್ಮೈ 100 ಡಿಗ್ರಿ ದಾಟೋದಿಲ್ಲ, ಸುಮ್ನೆ ಬೇಯುತ್ತದೆ, ಕೆಂಪಗಾಗೋದಿಲ್ಲ. ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿದ ಕೂಡಲೇ ಹಂಚಿಗೆ ಹಾಕಿದೆ. ಚುಂಯ್ ಅಂತು. ರೊಟ್ಟಿ ಬೇಯಿಸಿ ರೂಢಿಯಾದ ಅವ್ವ ಬಟ್ಟೆ ಹಿಡಿದು ಒತ್ತಲು ಬಂದಳು. "ಬ್ಯಾಡಬೇ ಅವ್ವಾ, ರಸ ಎಲ್ಲಾ ಹೋಗ್ತೈತಿ" ಅಂದ ಮೊಮ್ಮಗ. ಮೂರು ನಿಮಿಷ ಯಾರೂ ಮುಟ್ಟಲಿಲ್ಲ. ನೆಣ ಕರಗಿ ಬಿಲ್ಲೆಯ ಸುತ್ತ ಸಣ್ಣ ಗುಳ್ಳೆ ಎದ್ದವು. ಮಗುಚಿದಾಗ ಕೆಳಗೆ ಕಪ್ಪು ಬೆಲ್ಲದ ಬಣ್ಣ, ಅಂಚು ಗರಿಗರಿ. ಆ ವಾಸನೆಗೆ ಮನೆಯವರೆಲ್ಲ ಅಡುಗೆಮನೆಗೆ ಬಂದರು.

ಒಳಗೆ ಕೆಂಪು ಉಳಿಸಲಿಲ್ಲ. ಇಡೀ ತುಂಡಿನಲ್ಲಿ ಕ್ರಿಮಿ ಹೊರಗಡೆಯೇ ಜಾಸ್ತಿ, ಕೀಮಾ ಮಾಡಿದಾಗ ಒಳಗೂ ಸೇರುತ್ತವೆ. ಅದಕ್ಕೇ ನಡುಭಾಗ 71 ಡಿಗ್ರಿ ತಲುಪಬೇಕು. ಅಳಿಯ ತಂದಿದ್ದ ಥರ್ಮಾಮೀಟರ್ ಚುಚ್ಚಿ ನೋಡಿದೆವು.

ಅದೇ ಜಿಡ್ಡಿನಲ್ಲಿ ಬೇಕರಿ ಬನ್ ಕೆಂಪಗೆ ಮಾಡಿದೆ. ಮಯೋನೀಸ್‌ಗೆ ಅವ್ವನ ರಂಜಕ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ, ಕಲಸಿ ಹಚ್ಚಿದೆ. ಹುಳಿ, ಖಾರ ಎರಡೂ ಕುರಿಯ ನೆಣಕ್ಕೆ ಎಷ್ಟು ಹೊಂದಿತು ಅಂತೀರಾ! ಚೀಸ್ ಇರಲಿಲ್ಲ, ಬೇಕು ಅಂತಲೂ ಅನ್ನಿಸಲಿಲ್ಲ. ಮೊದಲ ತುತ್ತಿಗೇ ಮಾಂಸ ಪುಡಿಪುಡಿಯಾಗಿ ಬಿಟ್ಟುಕೊಂಡಿತು. ಅಳಿಯ ಮಾತೇ ಆಡಲಿಲ್ಲ, ತಲೆ ಅಲ್ಲಾಡಿಸಿದ.

ಐದನೆಯದು ಅಕ್ಕನಿಗೆ. ಅವಳು ಡ್ಯೂಟಿ ಮುಗಿಸಿ ಬಂದದ್ದು ರಾತ್ರಿ ಒಂಬತ್ತೂವರೆಗೆ. ಕುರಿಯ ನೆಣ ಆರಿದರೆ ಬೇಗ ಹೆಪ್ಪುಗಟ್ಟಿ ಬಾಯಿಗೆ ಅಂಟುತ್ತದೆ. ಅದಕ್ಕೆ ಅವಳ ಪಾಲನ್ನು ಹಸಿಯಾಗಿಯೇ ಫ್ರಿಜ್‌ನಲ್ಲಿ ಇಟ್ಟಿದ್ದೆ. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಹಂಚು ಮತ್ತೆ ಕಾಯುತ್ತಿತ್ತು.