ಆ ಖಾಲಿ ಕಾಲಂ

ಬೆಳಿಗ್ಗೆ ಕಾಫಿ ಆರಿಹೋಯಿತು. ಮೊಬೈಲಿನಲ್ಲಿ ವ್ಯಾಟಿಕನ್ ಲೈಬ್ರರಿಯ ಹಳೇ ಹಾಳೆಯೊಂದನ್ನು ದೊಡ್ಡದು ಮಾಡಿ ನೋಡುತ್ತಾ ಕೂತುಬಿಟ್ಟಿದ್ದೆ.

4ನೇ ಶತಮಾನದ ಗ್ರೀಕ್ ಬೈಬಲ್. ಪುಟಕ್ಕೆ ಮೂರು ಕಾಲಂ. ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ಎರಡನೇ ಕಾಲಂನಲ್ಲೇ ನಿಂತುಹೋಗಿದೆ. 16ನೇ ಅಧ್ಯಾಯ, 8ನೇ ವಚನ. ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿಹೋಗುತ್ತಾರೆ. ಯಾರಿಗೂ ಏನೂ ಹೇಳಲಿಲ್ಲ, ಯಾಕಂದ್ರೆ ಹೆದರಿದ್ದರು. ಅಷ್ಟೇ. ಗ್ರೀಕಿನಲ್ಲಿ ಕೊನೇ ಪದವೇ 'ಗಾರ್'. ನಮ್ಮ 'ಯಾಕಂದ್ರೆ'. ಅಂಥ ಪದದಲ್ಲಿ ಒಂದು ಪುಸ್ತಕ ಮುಗಿಯುತ್ತಾ?

ಯೇಸು ಎದ್ದುಬಂದು ಶಿಷ್ಯರಿಗೆ ಕಾಣಿಸಿಕೊಳ್ಳುವ 9ರಿಂದ 20ರವರೆಗಿನ ವಚನಗಳು ಇಲ್ಲಿಲ್ಲ. ಅದೇ ಕಾಲದ, ಸೈನೈಟಿಕಸ್ ಅನ್ನೋ ಇನ್ನೊಂದು ಗ್ರೀಕ್ ಬೈಬಲ್ ಪ್ರತಿಯಲ್ಲೂ ಇಲ್ಲ. ಅವು ಆಮೇಲೆ ಸೇರಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪದಗಳ ಬಳಕೆಯೇ ಬೇರೆ ಥರ ಇದೆಯಂತೆ.

ಆದರೆ ನನ್ನ ಕಣ್ಣು ಹೋಗಿದ್ದು ಮೂರನೇ ಕಾಲಂ ಕಡೆಗೆ. ಪೂರ್ತಿ ಖಾಲಿ! ಒಂದು ಸುವಾರ್ತೆ ಮುಗಿದರೆ ಪಕ್ಕದ ಕಾಲಂನಲ್ಲೇ ಇನ್ನೊಂದು ಶುರು ಮಾಡುವ ಲಿಪಿಕಾರ, ಇಲ್ಲಿ ಮಾತ್ರ ಜಾಗ ಬಿಟ್ಟು ಮುಂದಿನ ಲೂಕನ ಸುವಾರ್ತೆಯನ್ನು ಮುಂದಿನ ಪುಟಕ್ಕೆ ಒಯ್ದಿದ್ದಾನೆ. ಇನ್ನೂ ಏನೋ ಇದೆ ಅಂತ ಅವನಿಗೆ ಗೊತ್ತಿತ್ತಾ? ವಿದ್ವಾಂಸರು ಇವತ್ತಿಗೂ ವಾದ ಮಾಡುತ್ತಾರೆ. ಗೊತ್ತಿತ್ತು ಅಂತಲೇ ನನಗನ್ನಿಸುತ್ತೆ. ಗೊತ್ತಿದ್ದೂ ತುಂಬಿಸಲಿಲ್ಲ ಅಲ್ವಾ, ಅದಕ್ಕೇ ಆ ಕೈ ಮೇಲೆ ತುಂಬಾ ಪ್ರೀತಿ ಬಂತು.